ಕಲ್ಲಿನಲ್ಲಿ ಇಲ್ಲದ ಹೆಸರು

ಥಿಯೋಡರನಿಗೆ ಒಂದು ಚಾಳಿಯಿತ್ತು. ಕ್ಯಾಮೆರಾದಲ್ಲಿ ಮೂವತ್ತಾರು ಚಿತ್ರಗಳ ರೋಲ್ ಹಾಕಿದನೆಂದರೆ ಮೂವತ್ತಾರನೆಯದು ಮುಗಿಯುವ ತನಕ ಅದನ್ನು ತೊಳೆಯಲು ಕಳಿಸುವವನಲ್ಲ. ಜೂನ್ ತಿಂಗಳಲ್ಲಿ ಇಂಗ್ಲೆಂಡಿನಲ್ಲಿ ತೆಗೆದ ಇಪ್ಪತ್ತೊಂಬತ್ತು ಚಿತ್ರಗಳು ಉಳಿದ ಏಳಕ್ಕಾಗಿ ಕಾಯುತ್ತ, ಅಮೆರಿಕದ ಸಿಲ್ವರ್ ಸ್ಪ್ರಿಂಗಿನಲ್ಲಿ ಅವರ ಮನೆಯ ಸುತ್ತಿನ ಮರಗಳ ಎಲೆ ಕೆಂಪಾಗುವವರೆಗೂ ಕ್ಯಾಮೆರಾದ ಹೊಟ್ಟೆಯಲ್ಲೇ ಕೂತಿದ್ದವು. ಆಸ್ಪತ್ರೆಯಲ್ಲಿ ಅವನು ಅರಿವಳಿಕೆಯ ಡಾಕ್ಟರು. ಮನುಷ್ಯರನ್ನು ಮಲಗಿಸಿದ ಹಾಗೆ ಮನೆಗೆಲಸಗಳನ್ನೂ ಮಲಗಿಸಿಬಿಡುತ್ತಾನೆ ಎಂದು ಹೆಂಡತಿ ಸುಗುಣಾ ಗೊಣಗುವುದುಂಟು. ಈ ಸಲ ಮಾತ್ರ ಅವಳು ತುಟಿ ಬಿಚ್ಚಲಿಲ್ಲ. ಆ ಚಿತ್ರಗಳು ಯಾವತ್ತೂ ಬರದಿದ್ದರೇ ಒಳ್ಳೆಯದು ಎಂದು ಅವಳಿಗೆ ಅನಿಸುತ್ತಿತ್ತು.

ಅದಕ್ಕೆ ಕಾರಣ ಅವಳ ಮಾವ ಶಾಂತಪ್ಪ ಮೇಷ್ಟ್ರು. ತುಮಕೂರಿನ ಮಿಷನ್ ಶಾಲೆಯಲ್ಲಿ ಮೂವತ್ತೈದು ವರ್ಷ ಚರಿತ್ರೆ ಪಾಠ ಮಾಡಿ ನಿವೃತ್ತರಾದವರು. ಎರಡೂ ಕಣ್ಣಿಗೆ ಪೊರೆ ಬಂದು, ಎದುರಿಗಿದ್ದವರು ಗಂಡಸೋ ಹೆಂಗಸೋ ಎನ್ನುವುದನ್ನು ದನಿಯಿಂದಲೇ ತಿಳಿಯುವ ಸ್ಥಿತಿ ತಲುಪಿದ್ದರು. ಮಗ ಸೊಸೆ ರಜಕ್ಕೆ ಊರಿಗೆ ಹೋದವರು ಅಮೆರಿಕದಲ್ಲಿ ಆಪರೇಷನ್ ಮಾಡಿಸೋಣವೆಂದು ಕರೆದುಕೊಂಡು ಹೊರಟರು. ಮೇಷ್ಟ್ರು ಒಪ್ಪಿದ್ದು ಒಂದು ಷರತ್ತಿನ ಮೇಲೆ: ದಾರಿಯಲ್ಲಿ ಇಂಗ್ಲೆಂಡಿನಲ್ಲಿ ಇಳಿದು, ಥಾರ್ನ್‌ಬಿ ದೊರೆಯ ಊರಿನ ಕಥೀಡ್ರಲ್‌ಗೆ ಹೋಗಬೇಕು.

ಥಾರ್ನ್‌ಬಿ ದೊರೆ ಅಂದರೆ ನೂರಿಪ್ಪತ್ತು ವರ್ಷದ ಹಿಂದೆ ಗುಬ್ಬಿಗೆ ಬಂದ ಪಾದ್ರಿ. ಅವನಿಗೆ ಕನ್ನಡ ಕಲಿಸಿ, ಅವನ ಹೆಸರಿನಲ್ಲಿ ಅಚ್ಚಾದ ಪಾಠಪುಸ್ತಕಗಳಿಗೆಲ್ಲ ವಾಕ್ಯ ಒದಗಿಸಿದವರು ಮೇಷ್ಟ್ರ ತಾತ, ಮುನ್ಷಿ ಸಮಾಧಾನಪ್ಪ. ದೊರೆ ಸತ್ತಾಗ ಅವನ ಹೆಂಡತಿ ಕಾಗದ ಬರೆದಿದ್ದಳಂತೆ: ನಮ್ಮೂರ ಕಥೀಡ್ರಲ್‌ನಲ್ಲಿ ಅವರಿಗೊಂದು ಕಲ್ಲು ಹಾಕಿಸುತ್ತಿದ್ದೇವೆ, ಅದರಲ್ಲಿ ನಿಮ್ಮ ಹೆಸರೂ ಇರುತ್ತದೆ ಎಂದು. ಕಾಗದ ಗೆದ್ದಲಿನ ಪಾಲಾಯಿತು, ಮಾತು ಉಳಿಯಿತು. ಮೂರು ತಲೆಮಾರು ಆ ಮನೆಯಲ್ಲಿ ಊಟದ ಮುಂಚಿನ ಪ್ರಾರ್ಥನೆಯಷ್ಟೇ ಗಟ್ಟಿಯಾಗಿ ಅದನ್ನು ನಂಬಿದ್ದರು.

ಲಂಡನ್ನಿನಿಂದ ಎರಡು ಗಂಟೆಯ ರೈಲು. ಊರೆಲ್ಲ ಸಣ್ಣ ಸಣ್ಣ ಮನೆಗಳು, ನಡುವೆ ಆ ಒಂದು ಕಟ್ಟಡ. ಸುಗುಣಾ ಬಾಗಿಲ ಹತ್ತಿರ ನಿಂತು ಕತ್ತೆತ್ತಿದಳು. ಗೋಪುರದ ತುದಿ ಕಾಣುವಷ್ಟರಲ್ಲಿ ಸೆರಗು ಜಾರಿತು. ಅಷ್ಟರಲ್ಲಿ ಮೇಷ್ಟ್ರು ಮೆಟ್ಟಿಲ ಮೇಲೆ ಕೂತು ಬೂಟಿನ ಲೇಸು ಬಿಚ್ಚುತ್ತಿದ್ದರು.

"ಅಪ್ಪಾ, ಇಲ್ಲಿ ಯಾರೂ ಬಿಚ್ಚಲ್ಲ," ಎಂದ ಥಿಯೋಡರ್.

"ಗುಬ್ಬಿ ದೇವಾಲಯದಲ್ಲಿ ಬಿಚ್ತೀವಿ. ಅಲ್ಲಿರೋ ದೇವರೇ ತಾನೆ ಇಲ್ಲಿರೋದು?"

ಕಾಲುಚೀಲದಲ್ಲೇ ಒಳಗೆ ಬಂದರು. ಕರಿ ನಿಲುವಂಗಿಯ ಕಾವಲಿನವನೊಬ್ಬ ಬಾಗಿಲಲ್ಲಿ ಬಿದ್ದಿದ್ದ ಬೂಟುಗಳನ್ನು ಎರಡು ಬೆರಳಲ್ಲಿ ಎತ್ತಿಕೊಂಡು, ಯಾರೋ ಮರೆತು ಹೋದರೆಂದು ಹುಡುಕುತ್ತ ಬಂದ. ಸುಗುಣಾ ನಗು ತಡೆದುಕೊಂಡು ಇಸಿದುಕೊಂಡಳು. ಒಳಗಿನ ತಣ್ಣನೆಯ ಗಾಳಿಯಲ್ಲಿ ಹಳೆಯ ಮೇಣದ ವಾಸನೆಯಿತ್ತು. ಬಣ್ಣದ ಗಾಜಿನಿಂದ ಇಳಿದ ಬೆಳಕು ಕಂಬಗಳ ಮೇಲೆ ಕೆಂಪಾಗಿ ನೀಲಿಯಾಗಿ ಬಿದ್ದಿತ್ತು. ಎಲ್ಲಿಯೋ ಒಳಗಡೆ ಹಾಡುವವರು ಒಂದೇ ಸಾಲನ್ನು ಮತ್ತೆ ಮತ್ತೆ ಅಭ್ಯಾಸ ಮಾಡುತ್ತಿದ್ದರು. ಇಷ್ಟು ದೊಡ್ಡ ಜಾಗದಲ್ಲಿ ತಾನು ಇಷ್ಟು ಚಿಕ್ಕವಳಾಗಿದ್ದರೂ ಹೆದರಿಕೆಯಾಗುತ್ತಿಲ್ಲವಲ್ಲ ಎಂದು ಸುಗುಣಾಗೆ ಆಶ್ಚರ್ಯವಾಯಿತು.

ನೆಲದ ತುಂಬ ಸತ್ತವರ ಹೆಸರು ಕೆತ್ತಿದ ಚಪ್ಪಡಿಗಳು. ಜನ ಅವುಗಳ ಮೇಲೇ ಓಡಾಡಿ ಅಕ್ಷರ ಸವೆದಿದ್ದವು. ಕಾಲಡಿ ಏನಿದೆ ಎಂದು ಮೇಷ್ಟ್ರು ಕೇಳಿದರು. ಹೆಸರುಗಳು ಎಂದಳು ಸುಗುಣಾ. ಅವರು ಗಕ್ಕನೆ ನಿಂತುಬಿಟ್ಟರು.

"ಹೆಸರು ತುಳೀಬಾರ್ದು ಕಣಮ್ಮ. ಖಾಲಿ ಕಲ್ಲು ಎಲ್ಲಿದೆ ಹೇಳು, ಅಲ್ಲೇ ಕಾಲಿಡ್ತೀನಿ."

ಹಾಗಾಗಿ ಮಾವ ಸೊಸೆ ಇಬ್ಬರಿಗೂ ಕುಂಟಾಬಿಲ್ಲೆ ಆಡುವವರ ಹಾಗೆ ಅಲ್ಲೊಂದು ಇಲ್ಲೊಂದು ಹೆಜ್ಜೆ ಹಾಕುತ್ತ ಉತ್ತರದ ಗೋಡೆ ತಲುಪಲು ಕಾಲು ಗಂಟೆ ಹಿಡಿಯಿತು. ಥಿಯೋಡರ್ ಎದುರಿನ ಕಂಬದ ಬಳಿ ಸ್ಟ್ಯಾಂಡ್ ನಿಲ್ಲಿಸಿ, ಬೆಳಕು ಸಾಲದೆಂದು ಬಾಯಲ್ಲೇ ಸೆಕೆಂಡು ಎಣಿಸುತ್ತ ಚಿತ್ರ ತೆಗೆಯುವುದರಲ್ಲಿ ಮುಳುಗಿದ್ದ.

ದೊರೆಯ ಕಲ್ಲು ಕೈಗೆಟುಕದ ಎತ್ತರದಲ್ಲಿತ್ತು. ಬಿಳಿಯ ಅಮೃತಶಿಲೆ, ಕರಿಯ ಅಕ್ಷರ.

"ಓದಮ್ಮ," ಎಂದರು ಮೇಷ್ಟ್ರು. ತಲೆಯ ಟೋಪಿ ತೆಗೆದು ಎದೆಗೆ ಒತ್ತಿಕೊಂಡಿದ್ದರು.

ಸುಗುಣಾ ಮೊದಲು ಮನಸ್ಸಿನಲ್ಲೇ ಓದಿದಳು. ಥಾರ್ನ್‌ಬಿಯ ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ. ಕನ್ನಡ ಜನರ ನಡುವೆ ಮೂವತ್ತೊಂದು ವರ್ಷ ದುಡಿದು, ಒಬ್ಬ ದೇಶೀಯ ಉಪಾಧ್ಯಾಯನ ನೆರವಿನಿಂದ ಅವರ ಮಕ್ಕಳಿಗೆ ಪಾಠಪುಸ್ತಕಗಳನ್ನು ಬರೆದುಕೊಟ್ಟವನು. ಅಷ್ಟೇ. ಇನ್ನೊಮ್ಮೆ ಓದಿದಳು. ಒಬ್ಬ ದೇಶೀಯ ಉಪಾಧ್ಯಾಯ.

ಪಕ್ಕದಲ್ಲಿ ಎಪ್ಪತ್ತು ವರ್ಷದ ಮಾವ ಕಾಲುಚೀಲದಲ್ಲಿ, ತಣ್ಣನೆಯ ಕಲ್ಲಿನ ಮೇಲೆ, ಮುಖವನ್ನು ಗೋಡೆಯತ್ತ ಎತ್ತಿ ನಿಂತಿದ್ದರು. ಸುಗುಣಾ ಇಂಗ್ಲಿಷಿನಲ್ಲೇ ಗಟ್ಟಿಯಾಗಿ ಓದಿದಳು. ಆ ಜಾಗಕ್ಕೆ ಬಂದಾಗ ಮುನ್ಷಿ ಸಮಾಧಾನಪ್ಪನವರ ನೆರವಿನಿಂದ ಎಂದಳು. ಹೆಸರು ಕಮಾನಿಗೆ ತಾಗಿ ಒಂದು ಸಲ ತಿರುಗಿ ಕೇಳಿಸಿತು. ಮೇಷ್ಟ್ರು ಮಕ್ಕಳ ಹಾಗೆ ಅತ್ತರು.

ಸುಳ್ಳು ಅಲ್ಲಿಗೇ ನಿಂತಿದ್ದರೆ ಪಾಡಾಗಿತ್ತು. ಅಮೆರಿಕಕ್ಕೆ ಬಂದ ವಾರಕ್ಕೆ ಮೇಷ್ಟ್ರು ಗುಬ್ಬಿಯ ಸಭೆಗೆ ಕಾಗದ ಹೇಳಿ ಬರೆಸಿದರು. ಬರೆದವಳು ಸುಗುಣಾಳೇ. ತನ್ನ ಸುಳ್ಳನ್ನು ತನ್ನ ಕೈಯಾರೆ ಶಾಯಿಯಲ್ಲಿ ಬರೆದು, ಅಂಚೆಚೀಟಿಯನ್ನೂ ತಾನೇ ನೆಕ್ಕಿ ಅಂಟಿಸಿದಳು. ಭಾನುವಾರದ ಆರಾಧನೆಯಲ್ಲಿ ಅದನ್ನು ಓದಿ, ಎಲ್ಲರೂ ಎದ್ದು ನಿಂತು ಸ್ತೋತ್ರ ಹೇಳಿದರೆಂದು ಉತ್ತರ ಬಂತು. ಅದನ್ನು ಓದಿ ಹೇಳಿದವಳೂ ಅವಳೇ. ಊರಿನಿಂದ ಬರುವ ಒಂದೊಂದು ಕಾಗದವನ್ನೂ ಅವಳೇ ಓದಬೇಕು. ಆಗಸ್ಟಿನಲ್ಲಿ ಹಾಸನದಲ್ಲಿದ್ದ ಮೇಷ್ಟ್ರ ತಂಗಿ ಎಸ್ತೇರಮ್ಮ ತೀರಿಕೊಂಡ ಸುದ್ದಿ ಬಂದದ್ದನ್ನೂ ಅವಳೇ ಓದಿದ್ದಳು. ಮೇಷ್ಟ್ರು ಪ್ರಪಂಚವನ್ನೆಲ್ಲ ಅವಳ ಬಾಯಿಂದ ಕೇಳುತ್ತಿದ್ದರು.

ಅದೇ ತಿಂಗಳು ಬಲಗಣ್ಣಿನ ಆಪರೇಷನ್ ಆಯಿತು. ಅಕ್ಟೋಬರಿನಲ್ಲಿ ಸೋಡಾ ಬುಡ್ಡಿ ಕನ್ನಡಕ ಬಂತು. ಮೇಷ್ಟ್ರು ಮನೆಯಲ್ಲಿದ್ದ ಹಾಲಿನ ಡಬ್ಬದಿಂದ ಹಿಡಿದು ಟೆಲಿಫೋನ್ ಡೈರೆಕ್ಟರಿವರೆಗೆ ಎಲ್ಲವನ್ನೂ ಓದಿದರು. ಸರಿಯಾಗಿ ಅದೇ ಹೊತ್ತಿಗೆ ಥಿಯೋಡರ್ ಅಂಗಳದ ಕೆಂಪು ಮರದ ಏಳು ಚಿತ್ರ ತೆಗೆದು ರೋಲ್ ಮುಗಿಸಿದ.

ಸ್ಲೈಡುಗಳು ಅಂಚೆಯಲ್ಲಿ ಬಂದದ್ದು ಶುಕ್ರವಾರ. ಶನಿವಾರ ಸಂಜೆಗೆ, ಕಲ್ಲಿನ ಕಥೆಯನ್ನು ಮೇಷ್ಟ್ರಿಂದ ಆಗಲೇ ಕೇಳಿದ್ದ ಗೆಳೆಯ ಬಾಲಸುಬ್ರಹ್ಮಣ್ಯ, ಅವರ ಹೆಂಡತಿ ಜಾನಕಿ ಊಟಕ್ಕೆ ಬರುವವರಿದ್ದರು. ಮಧ್ಯಾಹ್ನ ಥಿಯೋಡರ್ ಸ್ಲೈಡುಗಳನ್ನು ಪ್ರೊಜೆಕ್ಟರಿನ ತಟ್ಟೆಗೆ ಜೋಡಿಸಿ ಸ್ನಾನಕ್ಕೆ ಹೋದಾಗ, ಸುಗುಣಾ ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಗೋಡೆ, ಬಿಳಿಯ ಕಲ್ಲು, ಅದರ ಕೆಳಗೆ ತಾವಿಬ್ಬರು. ಆ ಸ್ಲೈಡನ್ನು ತೆಗೆದು ಅಕ್ಕಿಯ ಡಬ್ಬದಲ್ಲಿ ಹುದುಗಿಸಿ, ಬಿಸಿಬೇಳೆಭಾತಿಗೆ ಒಗ್ಗರಣೆ ಹಾಕಿದಳು. ತನ್ನ ಗಂಡ ಯಾವುದನ್ನೂ ಒಂದೇ ಸಲ ತೆಗೆಯುವವನಲ್ಲ ಎನ್ನುವುದು ಅವಳಿಗೆ ಆ ಗಡಿಬಿಡಿಯಲ್ಲಿ ಹೊಳೆಯಲಿಲ್ಲ.

ಬಾಲಸುಬ್ರಹ್ಮಣ್ಯ ಮಣ್ಣಿನ ವಿಜ್ಞಾನಿ, ಒಳ್ಳೆಯ ಮನುಷ್ಯ. ಆದರೆ ಕಣ್ಣಿಗೆ ಬಿದ್ದ ಅಕ್ಷರವನ್ನೆಲ್ಲ ಗಟ್ಟಿಯಾಗಿ ಓದುವುದು ಅವರ ಅಭ್ಯಾಸ. ಬೆಲ್ಟ್‌ವೇ ಹೆದ್ದಾರಿಯಲ್ಲಿ ಕಾರಿನಲ್ಲಿ ಅವರ ಪಕ್ಕ ಕೂತರೆ ಒಂದು ಎಕ್ಸಿಟ್ ಬೋರ್ಡೂ ತಪ್ಪುವುದಿಲ್ಲ ಎಂದು ಜಾನಕಿಯೇ ಹೇಳುತ್ತಿದ್ದಳು. ಊಟವಾಯಿತು. ಗೋಡೆಗೆ ಬಿಳಿಯ ಹೊದಿಕೆ ಕಟ್ಟಿ ದೀಪ ಆರಿಸಿದರು. ಗೋಪುರ, ಬಣ್ಣದ ಗಾಜು, ಕಾಲುಚೀಲದ ಮೇಷ್ಟ್ರು, ಎಲ್ಲ ಬಂದು ಹೋದವು. ಎಲ್ಲರೂ ನಕ್ಕರು. ಸುಗುಣಾ ಸಮಾಧಾನದ ಉಸಿರುಬಿಟ್ಟಳು.

"ನೌ, ಅಪ್ಪನಿಗೆ ಒಂದು ಸರ್‌ಪ್ರೈಸ್," ಎಂದ ಥಿಯೋಡರ್. "ಕ್ಲೋಸಪ್ ಒಂದು ತೆಗ್ದಿದ್ದೆ. ಕೊನೇಗೆ ಅಂತ ಬೇರೆ ತೆಗೆದಿಟ್ಕೊಂಡಿದೀನಿ, ನಾನೂ ಇನ್ನೂ ಓದಿಲ್ಲ."

ಹೊದಿಕೆಯ ಮೇಲೆ ಕಲ್ಲು ಬಂತು. ಒಂದೊಂದು ಅಕ್ಷರ ಗೇಣುದ್ದ.

ಬಾಲಸುಬ್ರಹ್ಮಣ್ಯ ಓದತೊಡಗಿದರು. ಜಾನಕಿ ಅವರ ಮೊಣಕೈ ಹಿಡಿದು ಎಳೆಯುವ ಹೊತ್ತಿಗೆ ತಡವಾಗಿತ್ತು. ಒಬ್ಬ ದೇಶೀಯ ಉಪಾಧ್ಯಾಯನ ನೆರವಿನಿಂದ ಎನ್ನುವಲ್ಲಿ ಅವರ ದನಿ ತಾನಾಗಿಯೇ ಕುಗ್ಗಿತು.

ಮೇಷ್ಟ್ರು ಎದ್ದು ಗೋಡೆಯ ಹತ್ತಿರ ಹೋದರು. ಅಕ್ಷರಗಳು ಅವರ ಬಿಳಿಯ ಅಂಗಿಯ ಮೇಲೆ ಹರಿದವು. ಬೆರಳಿಟ್ಟು ಸಾಲು ಸಾಲಾಗಿ ನೋಡಿದರು.

"ಸುಗುಣಾ, ನನ್ನ ಕಣ್ಣಿಗೆ ಕಾಣ್ತಿಲ್ವೋ, ಇಲ್ಲಾ ಅಲ್ಲಿ ಇಲ್ವೋ?"

"ಅಲ್ಲಿ ಇಲ್ಲ ಮಾವ."

ಥಿಯೋಡರ್ ದೀಪ ಹಾಕಿದ. ಜಾನಕಿ ಪಾಯಸದ ಬಟ್ಟಲುಗಳನ್ನು ಎತ್ತಿಟ್ಟಳು, ಬಾಲಸುಬ್ರಹ್ಮಣ್ಯ ಕೋಟು ಹುಡುಕಿದರು. ಅವರು ಹೋದ ಮೇಲೆ ಮೇಷ್ಟ್ರು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು. ಬೈದಿದ್ದರೆ ಸುಗುಣಾ ತಾಳಿಕೊಳ್ಳುತ್ತಿದ್ದಳು.

"ಎಸ್ತೇರು ಕೊನೇಲಿ ಅಣ್ಣಾ ಅಣ್ಣಾ ಅಂತ ಕೇಳ್ತಿದ್ಲು ಅಂತ ಓದಿದ್ಯಲ್ಲ. ಅದೂ ನೀನು ಸೇರಿಸಿದ್ದೇನಾ?"

"ಅಯ್ಯೋ, ಇಲ್ಲ ಮಾವ! ಕಾಗದಗಳನ್ನ ಇದ್ದ ಹಾಗೇ ಓದಿದೀನಿ. ಒಂದಕ್ಷರ ಸೇರಿಸಿಲ್ಲ, ಬಿಟ್ಟಿಲ್ಲ. ಕರ್ತನಾಣೆ."

"ಆಣೆ ಇಡಬೇಡ," ಎಂದು ಅವರು ಹೊರಟುಹೋದರು.

ಸುಗುಣಾ ಪಾತ್ರೆ ತೊಳೆಯುವ ತೊಟ್ಟಿಯ ಅಂಚು ಹಿಡಿದು ನಿಂತಳು. ಥಿಯೋಡರ್ ಬಂದು, "ನಂಗಾದ್ರೂ ಹೇಳಬಾರ್ದಿತ್ತಾ?" ಎಂದ. ಹೇಳಬಹುದಿತ್ತು. ಹೇಳಿದ್ದರೆ ಅವನು ಅಪ್ಪನಿಗೆ ಹೇಳುತ್ತಿದ್ದ, ಅಷ್ಟೇ. ಅವಳಿಗೆ ಸುಳ್ಳು ಹೇಳಿದ್ದಕ್ಕೆ ನಾಚಿಕೆಯಾಗಿತ್ತು ನಿಜ. ಆದರೆ ಆ ಗೋಡೆಯ ಮುಂದೆ ಮತ್ತೆ ನಿಲ್ಲಿಸಿದರೆ ಏನು ಓದುತ್ತಿದ್ದೆ ಎಂದು ಕೇಳಿಕೊಂಡಾಗ, ಬೇರೆ ಉತ್ತರ ಸಿಗಲಿಲ್ಲ. ಅದು ಅವಳನ್ನು ಇನ್ನಷ್ಟು ಹೆದರಿಸಿತು. ಎಸ್ತೇರಮ್ಮನ ಕೊನೆಯ ಮಾತು ಮೇಷ್ಟ್ರಿಗೆ ಎರಡು ತಿಂಗಳಿಂದ ಆಸರೆಯಾಗಿತ್ತು. ತನ್ನ ಒಂದು ಸುಳ್ಳು ಆ ನಿಜವನ್ನೂ ಕಿತ್ತುಕೊಂಡಿತಲ್ಲ ಎಂದು ಅವಳಿಗೆ ಅಳು ಬಂತು.

ಭಾನುವಾರ ಬೆಳಿಗ್ಗೆ ಮೇಷ್ಟ್ರು ಚರ್ಚಿಗೆ ಬರುವುದಿಲ್ಲವೆಂದರು. ಊರಿನಿಂದ ಬಂದ ಕಾಗದಗಳೆಲ್ಲ ಎಲ್ಲಿ ಎಂದು ಕೇಳಿದರು. ಸುಗುಣಾ ಹದಿಮೂರು ನೀಲಿ ಏರೋಗ್ರಾಮ್‌ಗಳನ್ನು ತಂದು ಮೇಜಿನ ಮೇಲಿಟ್ಟಳು. ಅವರು ಕನ್ನಡಕ ಒರೆಸಿಕೊಂಡು ಮೊದಲನೆಯದರಿಂದ ಶುರುಮಾಡಿದರು, ಪರೀಕ್ಷೆಯ ಪತ್ರಿಕೆ ತಿದ್ದುವವರ ಹಾಗೆ. ಥಿಯೋಡರ್ ಒಬ್ಬನೇ ಚರ್ಚಿಗೆ ಹೋದ. ಸುಗುಣಾ ಅಡುಗೆಮನೆಯಲ್ಲಿ ಹುರುಳಿಕಾಯಿ ಸೋಸುತ್ತ, ಕಾಗದ ಮಗುಚುವ ಸದ್ದು ಎಣಿಸುತ್ತ ಕೂತಳು. ತಾನು ಏನನ್ನೂ ಸೇರಿಸಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ಹತ್ತನೆಯ ಕಾಗದಕ್ಕೆ ಬರುವ ಹೊತ್ತಿಗೆ, ಆ ವಾಕ್ಯ ಅಲ್ಲಿ ನಿಜವಾಗಿಯೂ ಇತ್ತೋ ಇಲ್ಲವೋ ಎಂದು ತನ್ನ ಮೇಲೇ ಅನುಮಾನ ಬಂತು.

ಹೊರಗೆ ಸದ್ದು ನಿಂತಿತು. ಆಮೇಲೆ ಮೇಷ್ಟ್ರು ಮೆಲ್ಲಗೆ ಎಸ್ತೇರೂ ಎಂದು ಮೂಗು ಸೀನಿಕೊಂಡ ಸದ್ದು. ಕುರ್ಚಿ ಜರುಗಿತು. ಪೆನ್ನು ಕೇಳಲು ಬರಬಹುದೆಂದು ಕಾದಳು. ಅವರು ತಾವೇ ಹುಡುಕಿಕೊಂಡರು.

ಮಧ್ಯಾಹ್ನದ ಊಟಕ್ಕೆ ಕರೆಯಲು ಹೋದಾಗ ಅವರು ಒಂದು ಹಾಳೆ ಅವಳ ಕಡೆ ಸರಿಸಿದರು. ವರ್ಷಗಳ ನಂತರ ಬರೆದ ಕೈ, ಅಕ್ಷರಗಳು ಸಾಲು ಬಿಟ್ಟು ಮೇಲೆ ಕೆಳಗೆ ಹೋಗಿದ್ದವು.

"ಗುಬ್ಬಿಗೆ ಬರ್ದಿದೀನಿ. ಇದ್ದ ಹಾಗೇ ಓದು."

ಸುಗುಣಾ ನಿಂತೇ ಓದಿದಳು. "ಪ್ರಿಯ ಸಭೆಯವರೇ, ಹಿಂದಿನ ಕಾಗದದಲ್ಲಿ ತಿಳಿಸಿದ ಸಂಗತಿ ಸರಿಯಲ್ಲ. ಕಲ್ಲಿನಲ್ಲಿ ನಮ್ಮ ತಾತನ ಹೆಸರಿಲ್ಲ. ಒಬ್ಬ ದೇಶೀಯ ಉಪಾಧ್ಯಾಯ ಎಂದು ಮಾತ್ರ ಇದೆ. ನಾನೇ ಕಣ್ಣಾರೆ ಓದಿದ್ದೇನೆ. ದಯಮಾಡಿ ಇದನ್ನೂ ಆರಾಧನೆಯಲ್ಲಿ ಓದಿ ಹೇಳಬೇಕು." ಅಲ್ಲಿಗೆ ಅವಳ ದನಿ ನಿಂತಿತು.

"ಮುಂದಕ್ಕೆ ಓದು. ಬಿಡಬೇಡ."

"ಆ ದಿನ ನನ್ನ ಸೊಸೆ ಸುಗುಣಾ ಅದನ್ನು ಹೆಸರು ಸೇರಿಸಿ ಓದಿದಳು. ಅದು ತಪ್ಪು, ಅವಳಿಗೆ ಹೇಳಿದ್ದೇನೆ. ಆದರೆ ಸಮಾಧಾನಪ್ಪನವರ ಹೆಸರನ್ನು ಆ ದೇವಾಲಯದೊಳಗೆ ಗಟ್ಟಿಯಾಗಿ ಹೇಳಿದವರು ಕಲ್ಲು ಹಾಕಿದ ಈ ತೊಂಬತ್ತು ವರ್ಷಗಳಲ್ಲಿ ಅವಳೊಬ್ಬಳೇ."