ಹಳೆಯ ಅಳತೆಯ ಸೀಟು

ಒಂದು ಹಿಡಿ ಜೋಡಿಸುವುದಕ್ಕೆ ಇಡೀ ಕಾರನ್ನೇ ಬಿಚ್ಚಿ ಹಾಕಿದ ಮಹಾನುಭಾವನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಮ್ಮ ದರ್ಜಿ ಅಂಥವನು. ಆಗಬೇಕಾದ ಕೆಲಸ ಇದ್ದದ್ದು ಇಷ್ಟೇ. ಹೆಂಡತಿಯ ಎಡಗಾಲು ಮಂಡಿಯ ಮೇಲಿನಿಂದ ಹೋಗಿತ್ತು. ಕಾಲಲ್ಲಿ ತುಳಿಯುವ ಕ್ಲಚ್ಚನ್ನು ಅವಳು ಕೈಯಲ್ಲಿ ಎಳೆಯುವ ಹಾಗೆ ಮಾಡಬೇಕಿತ್ತು. ಗೇರಿನ ಕೋಲಿಗೆ ಬೈಕಿನದರಂಥ ಒಂದು ಹಿಡಿ, ಅದರಿಂದ ಕೆಳಕ್ಕೆ ಒಂದು ಕೇಬಲ್. ಬಲ್ಲವರು ನಾಲ್ಕು ದಿನದಲ್ಲಿ ಮುಗಿಸಿ ಕೈತೊಳೆದುಕೊಳ್ಳುತ್ತಾರೆ. ದರ್ಜಿಗೆ ಏಳು ತಿಂಗಳು ಹಿಡಿಯಿತು.

ಕಾರು ಹೆಂಡತಿಯದೇ. ಪುಟ್ಟದು, ಹಳೆಯದು, ಇಬ್ಬರು ದಪ್ಪಗಿನವರು ಕೂತರೆ ಕಿಟಕಿ ತೆಗೆಯಲೇಬೇಕು. ಅವಳು ಮನೆಮನೆಗೆ ಹೋಗಿ ಬಾಣಂತಿಯರನ್ನೂ ಹಾಸಿಗೆ ಹಿಡಿದವರನ್ನೂ ನೋಡಿಕೊಂಡು ಬರುವ ನರ್ಸು. ಒಂಬತ್ತು ವರ್ಷ ಈ ಕಾರಿನಲ್ಲೇ ಸುತ್ತಿದ್ದಳು. ಊರಿಗೆಲ್ಲ ಅವಳು ನರ್ಸಮ್ಮ. ಒಂದು ದಿನ ಯಾವುದೋ ಗೋದಾಮಿನ ಮುಂದೆ ಕಾರು ನಿಲ್ಲಿಸಿ, ವಿಳಾಸ ಕೇಳೋಣವೆಂದು ಇಳಿದಳು. ಹಿಂದಕ್ಕೆ ಬರುತ್ತಿದ್ದ ಲಾರಿಯವನು ನೋಡಲಿಲ್ಲ. ಕಾರಿಗೆ ಒಂದು ಗೀರೂ ಆಗಲಿಲ್ಲ.

ಸುದ್ದಿ ಬಂದಾಗ ದರ್ಜಿ ಯಾರದೋ ಕೋಟಿನ ಕಾಲರಿಗೆ ಇಸ್ತ್ರಿ ಹಾಕುತ್ತಿದ್ದ. ಫೋನು ಇಟ್ಟವನು ಕಾಲರಿನ ಇನ್ನೊಂದು ತುದಿಗೂ ಇಸ್ತ್ರಿ ಹಾಕಿ, ಸ್ವಿಚ್ಚು ಆರಿಸಿ, ಅಂಗಡಿಗೆ ಬೀಗ ಹಾಕಿ ಆಸ್ಪತ್ರೆಗೆ ಹೊರಟ. ಅಲ್ಲಿ ಕೇಳಿದ ಕಡೆ ಸಹಿ ಮಾಡಿದ, ತರಲು ಹೇಳಿದ್ದನ್ನು ತಂದ. ಬಂದವರೆಲ್ಲ 'ಎಷ್ಟು ಗಟ್ಟಿ ಮನುಷ್ಯ' ಎಂದು ಹೊಗಳಿ ಹೋದರು. ಗಟ್ಟಿಯಂತೆ, ಗಟ್ಟಿ! ಅದು ಗಟ್ಟಿತನವಲ್ಲ ಎಂಬುದು ಅವನೊಬ್ಬನಿಗೇ ಗೊತ್ತಿತ್ತು. ಬಹಳ ಹೊತ್ತು ಮಡಚಿ ಕೂತರೆ ಕಾಲು ಜೋಮು ಹಿಡಿಯುತ್ತದಲ್ಲ, ಹಾಗೆ ಒಳಗೆಲ್ಲ ಜೋಮು ಹಿಡಿದಿತ್ತು. ಇಂದು ಬಿಟ್ಟೀತು, ನಾಳೆ ಬಿಟ್ಟೀತು, ಆಗ ಚೆನ್ನಾಗಿ ಅತ್ತುಬಿಡೋಣ ಎಂದುಕೊಂಡ. ಬಿಡಲೇ ಇಲ್ಲ.

ಹೆಂಡತಿ ಮನೆಗೆ ಬಂದ ಮೇಲೆ ಅವಳ ತಂಗಿ ಜೊತೆಗೆ ಬಂದು ನಿಂತಳು. ಗಾಯ ತೊಳೆಯುವುದು, ಪಟ್ಟಿ ಕಟ್ಟುವುದು ಎಲ್ಲ ನಾದಿನಿಯದೇ. ಅವಳು ಬಿಸಿನೀರಿನ ಬೋಗುಣಿ ಹಿಡಿದು ಕೋಣೆಯ ಕಡೆ ನಡೆದರೆ ಸಾಕು, ದರ್ಜಿಗೆ ಹೊರಗೇನೋ ಕೆಲಸ ನೆನಪಾಗುತ್ತಿತ್ತು. ಹಾಗೆ ಹೊರಗೆ ಹೋಗಿ ನಿಂತಾಗಲೇ ಕಣ್ಣೆದುರು ಕಾರು ಕಂಡದ್ದು. 'ಇವಳು ಮತ್ತೆ ಓಡಿಸುವ ಹಾಗೆ ಮಾಡಿಬಿಟ್ಟರೆ ಎಲ್ಲ ಮೊದಲಿನ ಹಾಗಾಗುತ್ತೆ' ಎಂಬ ಮಾತು ತಲೆಯಲ್ಲಿ ಕೂತುಬಿಟ್ಟಿತು. ಎಲ್ಲ ಎಂದರೆ ಏನೇನು ಎಂದು ಅವನು ಬಿಡಿಸಿ ಕೇಳಿಕೊಳ್ಳಲಿಲ್ಲ.

ಮೊದಲು ಸೀಟು ತೆಗೆದ. ಸೀಟಿನಡಿಯಲ್ಲಿ ಅವಳ ಮೂರು ಪೆನ್ನು, ಒಂದು ಕೈಗವಸು, ಯಾವುದೋ ಕೂಸಿನ ಒಂಟಿ ಕಾಲುಚೀಲ ಸಿಕ್ಕವು. ಡಬ್ಬಿಗೆ ಹಾಕಿಟ್ಟ. ಅವನ್ನು ನೋಡಿ ಕರುಳು ಚುರುಕ್ ಎನ್ನಬೇಕಿತ್ತು, ಅನ್ನಲಿಲ್ಲ. ಆಮೇಲೆ ನೆಲದ ಹಾಸು ಕಿತ್ತ, ಅದರಡಿಯ ತಗಡು ತುಕ್ಕು ತಿಂದು ಜರಡಿಯಾಗಿತ್ತು. ಬಾಗಿಲು ಬಿಚ್ಚಿದ, ಡ್ಯಾಶ್‌ಬೋರ್ಡು ಬಿಚ್ಚಿದ. ಬೆಸುಗೆ ಹಾಕಲು ಬಂದ ಗೆಳೆಯ, ಎಲ್ಲರೂ ಕಿಡಿ ಎಂದೇ ಕರೆಯುವವನು, ಅಂಗಳದ ತುಂಬ ಹರಡಿದ್ದ ನಟ್ಟು ಬೋಲ್ಟು ನೋಡಿ ತಲೆ ಚಚ್ಚಿಕೊಂಡ.

"ಅಲ್ಲಯ್ಯ, ನೆಗಡಿ ಆದ್ರೆ ಯಾರಾದ್ರೂ ತಲೆ ಬಿಚ್ತಾರೇನೋ?"

"ಮಾಡೋದೇ ಆದ್ರೆ ಪೂರ್ತಿ ಮಾಡೋಣ ಅಂತ," ಎಂದ ದರ್ಜಿ.

"ಪೂರ್ತಿ ಮಾಡು, ಬೇಡ ಅಂದೋರ್ಯಾರು. ಆದ್ರೆ ಆಗಾಗ ಒಳಗೂ ಹೋಗು. ನಾನು ಬಂದಾಗಲೆಲ್ಲ ನಿನ್ನ ಅರ್ಧ ಮೈ ಕಾರಿನಡೀಲೇ ಇರುತ್ತೆ."

ದರ್ಜಿ ನಕ್ಕ ಹಾಗೆ ಮಾಡಿ ಮತ್ತೆ ಕಾರಿನಡಿಗೆ ತೂರಿಕೊಂಡ. ಮೈಗೆ ಗ್ರೀಸಿನ ವಾಸನೆ ಅಂಟಿದೆ, ನಿನಗೆ ಆಗಲ್ಲ ಎಂದು ನೆಪ ಹೇಳಿ ಹಜಾರದ ಸೋಫಾದ ಮೇಲೆ ಮಲಗತೊಡಗಿದ್ದ. ಹೆಂಡತಿ ಒಂದು ಸಲವೂ ಬೇಡ ಎನ್ನಲಿಲ್ಲ. ಅದು ಒಳ್ಳೆಯದೋ ಕೆಟ್ಟದ್ದೋ ಅವನಿಗೆ ತಿಳಿಯಲಿಲ್ಲ.

ಹೀಗಿರುವಾಗ ಅವಳು ಕೆಲಸಕ್ಕಿದ್ದ ಕ್ಲಿನಿಕ್ಕಿನಿಂದ ಕಾಗದ ಬಂತು. ಸೋಮವಾರ ತಪಾಸಣೆಯವರು ಮನೆಗೇ ಬಂದು ನೋಡುತ್ತಾರೆ. ನರ್ಸಮ್ಮ ಅವರೆದುರು ಕಾರು ಓಡಿಸಿ ತೋರಿಸಿದರೆ ಹಳೆಯ ಕೆಲಸ, ಹಳೆಯ ಮನೆಗಳು. ಆಗದಿದ್ದರೆ ಔಷಧಿ ಉಗ್ರಾಣದಲ್ಲಿ ಒಂದು ಕುರ್ಚಿ. ಅವಳು ಕಾಗದವನ್ನು ಎರಡು ಸಲ ಓದಿ ಮಡಚಿದಳು.

"ಉಗ್ರಾಣದಲ್ಲಿ ಕೂತು ಮಾತ್ರೆ ಎಣಿಸೋಕೆ ನನ್ ಕೈಲಾಗಲ್ಲ. ಅದರ ಬದಲು ಮನೇಲೇ ಬಿದ್ದಿರ್ತೀನಿ," ಎಂದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ.

ಕೊನೆಗೂ ಶುಕ್ರವಾರ ಮಧ್ಯಾಹ್ನ ಕಾರು ತಯಾರಾಯಿತು. ಕಿಡಿ ಹಿಡಿಯನ್ನು ಉದ್ದ ಮಾಡಿ ಬೆಸೆದುಕೊಟ್ಟಿದ್ದ, ಎರಡು ಬೆರಳಲ್ಲಿ ಎಳೆದರೂ ಕ್ಲಚ್ಚು ಬಿಡುತ್ತಿತ್ತು. ಬಣ್ಣ ಹೊಸದು, ನೆಲ ಹೊಸದು. ಎಲ್ಲಕ್ಕಿಂತ ಮಿಗಿಲಾಗಿ ಸೀಟು! ದಪ್ಪ ರೆಕ್ಸಿನ್ನಿಗೆ ಜೋಡಿ ಹೊಲಿಗೆ ಹಾಕಿ, ಹನ್ನೆರಡು ಸೂಜಿ ಮುರಿದು, ಎರಡೂ ಮಗ್ಗುಲಿಗೆ ಒತ್ತು ಕೊಡುವ ದಿಂಡು ಇಟ್ಟು ಹೊಲಿದಿದ್ದ. ಮದುವೆ ಗಂಡಿನ ಕೋಟಿಗೂ ಅಂಥ ಹೊಲಿಗೆ ಬೀಳುವುದಿಲ್ಲ ಬಿಡಿ.

ನಾದಿನಿ ಊರುಗೋಲು ಹಿಡಿದುಕೊಂಡಳು. ನರ್ಸಮ್ಮ ಸೀಟಿನ ಮೇಲೆ ಕೂತು, ಹೊಲಿಗೆಯ ಮೇಲೆ ಒಮ್ಮೆ ಬೆರಳಾಡಿಸಿದಳು. "ಚೆನ್ನಾಗಿದೆ," ಎಂದಳು. ಎಂಜಿನ್ ಶುರು ಮಾಡಿ ಎಡಗೈಯಲ್ಲಿ ಹಿಡಿಯನ್ನು ಎಳೆದು ಗೇರು ಹಾಕಿದಳು. ಎಳೆದದ್ದೇ ತಡ, ಮೈ ಎಡಕ್ಕೆ ಜಾರಿತು. ಆ ಕಡೆ ಊರಲು ಕಾಲಿಲ್ಲ. ದಿಂಡೋ, ಎಲ್ಲಿರಬೇಕೋ ಅಲ್ಲಿಲ್ಲ. ಬೀಳದ ಹಾಗೆ ಅದೇ ಎಡಗೈಯನ್ನು ಊರಬೇಕಾಯಿತು. ಕೈ ಬಿಟ್ಟೊಡನೆ ಕಾರು ಒಮ್ಮೆ ಜಿಗಿದು ನಿಂತುಹೋಯಿತು. ಎರಡನೇ ಸಲವೂ ಹಾಗೇ ಆಯಿತು, ಮೂರನೇ ಸಲವೂ. ಕ್ಲಚ್ಚು ಎಳೆಯಬೇಕಾದ ಕೈ ಅವಳನ್ನು ಹಿಡಿದು ಕೂರಿಸುವುದಕ್ಕೇ ಸಾಲದಾಗಿತ್ತು.

ಅವಳು ಕೀಲಿ ತಿರುಗಿಸಿ ಎಂಜಿನ್ ಆರಿಸಿದಳು.

"ರೀ, ಈ ಸೀಟು ಯಾರ ಅಳತೆಗೆ ಮಾಡಿದ್ದು?"

"ನಿಂದೇ."

"ನಂದು ಯಾವತ್ತು ತಗೊಂಡ್ರಿ?"

ದರ್ಜಿ ಬಗ್ಗಿ ದಿಂಡನ್ನು ಒತ್ತಿ ನೋಡಿದ. ಅವನ ಅಂಗಡಿಯಲ್ಲಿ ಒಂದು ಬೋರ್ಡಿದೆ: ಹಳೆಯ ಅಳತೆಗೆ ಹೊಲಿಯುವುದಿಲ್ಲ. ಹೋದ ತಿಂಗಳು ಬಂದ ಗಿರಾಕಿ ಈ ತಿಂಗಳು ಬಂದರೂ ನಿಲ್ಲಿಸಿ ಹೊಸದಾಗಿ ಅಳತೆ ತೆಗೆಯುವವನು ಅವನು. 'ಮೈ ಅನ್ನೋದು ನಿಂತಲ್ಲಿ ನಿಲ್ಲಲ್ಲ ಸ್ವಾಮಿ' ಎಂದು ಗಿರಾಕಿಗಳ ಜೀವ ತಿನ್ನುತ್ತಿದ್ದ. ಆದರೆ ಈ ಸೀಟಿಗೆ ಅವನು ತೆರೆದದ್ದು ಅಳತೆ ಪುಸ್ತಕದಲ್ಲಿದ್ದ ಹೆಂಡತಿಯ ಹಾಳೆ. ನಾಲ್ಕು ವರ್ಷದ ಹಿಂದೆ ಅವಳ ಸಮವಸ್ತ್ರಕ್ಕೆಂದು ಬರೆದುಕೊಂಡದ್ದು. ತೋಳು, ಬೆನ್ನು, ಸೊಂಟ ಎಲ್ಲ ಅದರಲ್ಲಿತ್ತು. ಎದ್ದು ಕೋಣೆಗೆ ಹೋಗಿ ಹೊಸ ಅಳತೆ ತೆಗೆಯಬೇಕೆಂದು ಅವನಿಗೆ ಹೊಳೆಯಲಿಲ್ಲವೆಂದರೆ ನಂಬಬೇಡಿ. ಹೊಳೆದಿತ್ತು. ಆವತ್ತು ಪುಸ್ತಕ ತೆರೆದದ್ದು ಅದನ್ನು ತಪ್ಪಿಸಿಕೊಳ್ಳುವುದಕ್ಕೇ.

"ಊರಿಗೆಲ್ಲ ಹೊಸ ಅಳತೆ," ಎಂದಳು ಅವಳು. "ನನಗೊಬ್ಬಳಿಗೆ ಹಳೇದು. ಆಗ ನನಗೆ ಎರಡು ಕಾಲಿತ್ತು ಕಣ್ರೀ."

"ಹೋಗ್ಲಿ ಬಿಡಕ್ಕ, ಭಾವ ಪಾಪ ಏಳು ತಿಂಗಳಿಂದ..." ಎಂದು ನಾದಿನಿ ಬಾಯಿ ಹಾಕಿದಳು.

"ನೀನು ಒಳಗೆ ಹೋಗಿ ಟೀ ಇಡು. ನಾವು ಕರೆಯೋವರೆಗೂ ಬರಬೇಡ."

ನಾದಿನಿ ಊರುಗೋಲನ್ನು ಗೋಡೆಗೆ ಒರಗಿಸಿ ಹೋದಳು. ನರ್ಸಮ್ಮ ಎಡಗಡೆಯ ಸೀಟು ತೋರಿಸಿದಳು.

"ಬನ್ನಿ. ಈಗ ತಗೊಳ್ಳಿ."

ದರ್ಜಿ ಟೇಪು ತಂದ. ಎಡಗಡೆಯ ಬಾಗಿಲಿನಿಂದ ಹತ್ತಿ, ಸೀಟಿನ ಮೇಲೆ ಮಂಡಿಯೂರಿ, ಮಡಚಿದ ಚಾಕುವಿನ ಹಾಗೆ ಬಗ್ಗಿ ಕೂತ. ಅವಳು ಬಟ್ಟೆ ಸರಿಸಿದಳು. ಅಪಘಾತವಾದ ಹನ್ನೊಂದು ತಿಂಗಳಲ್ಲಿ ಮೊದಲ ಸಲ ಅವನು ಅದನ್ನು ನೋಡಿದ. ಮಂಡಿ ಇರಬೇಕಾದ ಜಾಗಕ್ಕಿಂತ ಒಂದು ಗೇಣು ಮೇಲೆಯೇ ಕಾಲು ಮುಗಿದಿತ್ತು. ತುದಿ ದುಂಡಗೆ, ಚರ್ಮ ನುಣ್ಣಗೆ, ನಡುವೆ ಅಡ್ಡಲಾಗಿ ಹೊಲಿಗೆಯ ಗುರುತು.

ಕೈ ತಾನಾಗಿ ಕೆಲಸಕ್ಕೆ ಇಳಿಯಿತು. ಸೊಂಟದಿಂದ ತುದಿಗೆ ಎಷ್ಟು, ತುದಿಯ ಸುತ್ತ ಎಷ್ಟು, ಕೂತಾಗ ಎಡಮಗ್ಗುಲು ಬಲಕ್ಕಿಂತ ಎಷ್ಟು ಕೆಳಗೆ. ಅಂಗಡಿಯಲ್ಲಿ ಹೇಳುವ ಹಾಗೆ ಒಂದೊಂದೇ ಅಂಕಿ ಗಟ್ಟಿಯಾಗಿ ಹೇಳಿದ. ಅವಳು ಕ್ಲಿನಿಕ್ಕಿನ ಕಾಗದದ ಹಿಂಬದಿಯಲ್ಲಿ ಬರೆದುಕೊಂಡಳು. ಚರ್ಮ ಬೆಚ್ಚಗಿತ್ತು. ಅದು ಬೆಚ್ಚಗಿರುತ್ತದೆ ಎಂದು ಅವನು ಎಣಿಸಿರಲಿಲ್ಲ. ಟೇಪು ಸುತ್ತುವಾಗ ಹೊಲಿಗೆಯ ಗುರುತಿನ ಮೇಲೆ ಕಣ್ಣು ನಿಂತಿತು. ಒಂದೇ ಅಂತರ, ಎಲ್ಲೂ ಸುಕ್ಕಿಲ್ಲ.

"ಚೆನ್ನಾಗಿ ಹೊಲಿದಿದ್ದಾರೆ," ಎಂಬ ಮಾತು ಬಾಯಿಂದ ಬಿದ್ದೇಹೋಯಿತು. ಅಯ್ಯೋ, ಇದೆಂಥ ಮಾತಾಡಿದೆ ಎಂದು ನಾಲಿಗೆ ಕಚ್ಚಿಕೊಂಡ.

ನರ್ಸಮ್ಮ ನಕ್ಕಳು. ಮೂಗಿನಲ್ಲೇ, ಚಿಕ್ಕದಾಗಿ. "ಇದನ್ನ ಹೇಳೋಕೆ ಹನ್ನೊಂದು ತಿಂಗಳು ಬೇಕಾಯ್ತಾ?" ಎಂದಳು. ಆಮೇಲೆ ನಗು ನಿಲ್ಲಿಸಿ ಕೇಳಿದಳು, "ಯಾಕ್ರೀ ನೋಡ್ಲಿಲ್ಲ? ಅಸಹ್ಯ ಆಯ್ತಾ?"

"ಛೆ, ಅದಲ್ಲ."

"ಮತ್ತೆ?"

ದರ್ಜಿ ಟೇಪನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. ಸುಳ್ಳು ಹೇಳುವುದರಲ್ಲಿ ಅವನದೇನು ಕಡಿಮೆಯ ಕೈಯಲ್ಲ, ನಾಳೆ ಕೊಡ್ತೀನಿ ಎಂದು ಗಿರಾಕಿಗಳಿಗೆ ದಿನಾ ಹೇಳುವವನು. ಈಗ ಒಂದೂ ಸಿಗಲಿಲ್ಲ.

"ನೋಡಿದ್ಮೇಲೂ ನನಗೆ ಏನೂ ಅನ್ನಿಸದೇ ಹೋದ್ರೆ ಅಂತ ಹೆದರಿಕೆ ಆಯ್ತು. ಆವತ್ತಿಂದ ನನಗೆ ಏನೂ ಅನ್ನಿಸ್ತಾನೇ ಇಲ್ಲ ಕಣೆ. ಎಲ್ಲರೂ ಅತ್ರು, ನಿನ್ನ ತಂಗಿ ಅತ್ಲು, ಕಿಡೀನೂ ಅತ್ತ. ನನಗೆ ಬರ್ಲಿಲ್ಲ. ಕಟ್ಕೊಂಡ ಹೆಂಡತಿ ಕಾಲು ನೋಡಿನೂ ಅಳು ಬರ್ಲಿಲ್ಲ ಅಂದ್ರೆ, ನಾನು ಎಂಥ ಮನುಷ್ಯ ಹೇಳು?"

"ಈಗ ನೋಡಿದ್ರಲ್ಲ. ಈಗ ಏನನ್ನಿಸ್ತಿದೆ?"

ಅವನು ನಿಜವಾಗಿಯೂ ಒಳಗೆ ಹುಡುಕಿದ. "ಏನೂ ಇಲ್ಲ," ಎಂದ. ತಲೆ ಎತ್ತಲಿಲ್ಲ. ಇನ್ನು ಇವಳು ತಂಗಿಯನ್ನು ಕೂಗಿ ಕರೆದು, ಊರುಗೋಲು ಇಸಿದುಕೊಂಡು ಒಳಗೆ ಹೋಗುತ್ತಾಳೆ, ಅಲ್ಲಿಗೆ ಮುಗಿಯಿತು ಎಂದುಕೊಂಡ.

ಅವಳು ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದಳು.

"ನನಗೂ ಅಷ್ಟೇ ರೀ," ಎಂದಳು. "ಆಸ್ಪತ್ರೇಲಿ ಕಣ್ಣು ಬಿಟ್ಟಾಗಿಂದ ಏನೂ ಇಲ್ಲ. ಬಂದೋರೆಲ್ಲ ಧೈರ್ಯಗಿತ್ತಿ, ಧೈರ್ಯಗಿತ್ತಿ ಅಂದ್ರು. ಬೇರೆಯವರಿಗಾದ್ರೆ ಎಷ್ಟು ಮರುಗ್ತಿದ್ದೆ, ನನ್ನ ಕಾಲಿಗೆ ನನಗೇ ಒಂದು ಹನಿ ಬರ್ಲಿಲ್ಲ. ನನ್ನೊಬ್ಬಳಿಗೇ ಹೀಗೆ, ನಿಮಗೆ ಗೊತ್ತಾದ್ರೆ ಏನಂದ್ಕೊಳ್ತೀರೋ ಅಂತ ಇದ್ದೆ. ನೀವು ಸೋಫಾಗೆ ಹೋದಾಗ, ಸದ್ಯ, ನಟಿಸೋದು ತಪ್ಪಿತು ಅನ್ನಿಸಿತ್ತು."

ದರ್ಜಿ ಅವಳ ಮುಖ ನೋಡಿದ. ಅವಳೂ ಅವನನ್ನೇ ನೋಡುತ್ತಿದ್ದಳು.

ಮೊದಲು ಚೇತರಿಸಿಕೊಂಡದ್ದು ಅವಳೇ. "ಸೋಮವಾರದೊಳಗೆ ಸೀಟು ಬಿಚ್ಚಿ ಹೊಲಿಯೋಕಾಗುತ್ತಾ?"

"ಎರಡು ದಿನ ಸಾಕು. ದಿಂಡು ಇಲ್ಲಿಗೆ ಬರಬೇಕು, ಈ ತುದಿಗೆ ಆತುಕೊಳ್ಳೋ ಹಾಗೆ. ಅಡೀಲಿ ಎರಡಿಂಚು ಎತ್ತರ ಮಾಡ್ತೀನಿ."

"ದಿಂಡಿದ್ರೆ ಓಡಿಸ್ತೀನೋ ಇಲ್ವೋ ನೋಡೇಬಿಡೋಣ. ಸರಿಯಾಗಿ ಕೂತ್ಕೊಂಡು ಈ ಕಡೆ ಬಗ್ಗಿ. ನಿಮ್ಮ ಭುಜ ಕೊಡಿ."

ಅವನು ಮಂಡಿ ಇಳಿಸಿ ಕೂತು, ಬಲಭುಜವನ್ನು ಅವಳ ಎಡಮಗ್ಗುಲಿಗೆ ಒತ್ತಿ ಹಿಡಿದ. ಅವಳು ಮತ್ತೆ ಎಂಜಿನ್ ಶುರು ಮಾಡಿ ಹಿಡಿಯನ್ನು ಎಳೆದಳು. ಮೈ ಜಾರಿ ಬಂದು ಅವನ ಭುಜಕ್ಕೆ ಆತು ನಿಂತಿತು. ಕೈ ಹಿಡಿಯ ಮೇಲೇ ಉಳಿಯಿತು. ಗೇರು ಬಿತ್ತು, ಅವಳು ಹಿಡಿಯನ್ನು ನಿಧಾನ ಸಡಿಲಿಸಿದಳು, ಕಾರು ಮುಂದಕ್ಕೆ ಹೋಯಿತು. ಗೇಟು ದಾಟಿತು. ಅಡುಗೆಮನೆ ಕಿಟಕಿಯಿಂದ ನಾದಿನಿ "ಅಕ್ಕಾ!" ಎಂದು ಕಿರುಚಿದ್ದು ಕೇಳಿಸಿತು. ಇಬ್ಬರೂ ತಿರುಗಿ ನೋಡಲಿಲ್ಲ.

ಬೀದಿಯ ಕೊನೆಯ ತಿರುವಿನಲ್ಲಿ ಅವಳ ಪೂರಾ ಭಾರ ಅವನ ಮೇಲೆ ಬಿತ್ತು. ಕತ್ತಿನಿಂದ ಮೊಣಕೈವರೆಗೆ ಸಳಕ್ ಎಂದಿತು. ಅವನು ಹಲ್ಲು ಕಚ್ಚಿ ಉಸಿರೆಳೆದುಕೊಂಡ.

"ನೋಯ್ತಾ?" ಎಂದಳು, ರಸ್ತೆಯಿಂದ ಕಣ್ಣು ತೆಗೆಯದೆ.

"ಹೂಂ," ಎಂದ ದರ್ಜಿ. ತನ್ನ ದನಿ ತನಗೇ ಗುರುತು ಸಿಗದಷ್ಟು ಒಡೆದಿತ್ತು. "ನೋಯ್ತಿದೆ. ತುಂಬ ನೋಯ್ತಿದೆ."

"ನಿಲ್ಲಿಸ್ಲಾ?"

"ಬೇಡ, ಬೇಡ. ಹೋಗ್ತಾ ಇರು."