ಹೆಸರ ಮುಚ್ಚಿದ ರೆಕಾರ್ಡ

ನಮ್ಮ ಮನ್ಯಾಗ ನನ್ನ ಸೀರಿ ಇಡಾಕ ಒಂದ ತಗಡಿನ ಟ್ರಂಕ, ಅವರ ಹಾಡಿನ ರೆಕಾರ್ಡ ಇಡಾಕ ಮೂರ ಕಪಾಟ. ನಮ್ಮ ಸಂಸಾರದ ಕತಿ ಇಷ್ಟರಾಗ ಮುಗೀತು ಅಂತ ಬಂದವರ ಮುಂದೆಲ್ಲ ಹೇಳಾಕಿ ನಾನು. ಅವರು ನಗಾವರು. ಅವರು ನಕ್ರ ನನಗ ಇನ್ನಷ್ಟ ಸಿಟ್ಟ ಬರೂದು.

ಅವರಂದ್ರ ನಮ್ಮ ಮನಿಯವರು, ಅಂಬಾದಾಸ. ಸರಕಾರಿ ಬಸ್ಸಿನ ಕಂಡಕ್ಟರ್ ಆಗಿ ರಿಟೈರ್ ಆದವರು. ವಿಜಯಪುರದಿಂದ ಪುಣೆಗೆ ಹೋಗೂ ಗಾಡಿ ಮ್ಯಾಲೆ ಇದ್ದಾಗ, ಮುಂಜಾನೆ ಅಲ್ಲಿ ಮುಟ್ಟಿದ್ರ ಸಂಜೀತನಕ ಗಾಡಿ ನಿಂದ್ರತಿತ್ತು. ಡ್ರೈವರ್ ಮಲಗಿದ್ರ ಇವರು ಹಳೇ ಸಾಮಾನಿನ ಬಜಾರ ಸುತ್ತಾಕ ಹೋಗಾವರು. ಅಲ್ಲಿ ಯಾವನೋ ಗುಜರಿಯವ ಒಂದ ರೆಕಾರ್ಡ ಹಚ್ಚಿ ಕುಂತಿದ್ನಂತ. ಅಮೇರಿಕಾದ ಕರಿ ಮಂದಿ ಹಾಡು, ಸೋಲ್ ಅಂತಾರ ಅದಕ. "ಪರಸವ್ವ, ಒಂದ ಅಕ್ಷರ ತಿಳೀಲಿಲ್ಲ, ಆದ್ರ ನಿಂತಲ್ಲೇ ಕಣ್ಣಾಗ ನೀರ ಬಂತು" ಅಂತ ಮನಿಗೆ ಬಂದು ಹೇಳಿದ್ರು. ಗುಲಾಮರಾಗಿ ದುಡದವರ ಮೊಮ್ಮಕ್ಕಳಂತ ಅವರು. ನಮ್ಮ ಓಣ್ಯಾಗ ಹಿರ್ಯಾರು ಅಂಬೇಡ್ಕರ್ ಬಾಬಾಸಾಹೇಬರ ಭೀಮಗೀತಿ ಹಾಡುವಾಗ ಬರೂ ದನೀನ ಅವರ ಗಂಟಲದಾಗೂ ಬರ್ತದ ಅಂತ ಇವರ ಮಾತು.

"ಕಣ್ಣಾಗ ನೀರ ಬರಸೂ ಸಲುವಾಗಿ ಪುಣೆಗೆ ಯಾಕ ಹೋಗ್ಬೇಕ್ರಿ? ಮನ್ಯಾಗ ಕುಂತು ಉಳ್ಳಾಗಡ್ಡಿ ಹೆಚ್ಚರಿ" ಅಂದ್ನಿ ನಾನು.

ಅಂದಿನಿಂದ ಹತ್ತಿತು ನೋಡ್ರಿ ಹುಚ್ಚು. ಮಿರಜ, ಸೊಲ್ಲಾಪುರ, ಪುಣೆ, ಎಲ್ಲಾ ಕಡೆ ಇವರಂಥಾ ಹುಚ್ಚರು ಸಿಕ್ಕರು. ನಮಗ ಹತ್ತಿರದ ಹುಚ್ಚ ಅಂದ್ರ ತಿಕೋಟಾದ ಅಬ್ದುಲಸಮದಣ್ಣ, ಮೈಕ್ ಸೆಟ್ಟಿನ ಅಂಗಡಿಯವರು. ಇವರಿಬ್ಬರದು ರೊಕ್ಕದ ಯಾಪಾರ ಅಲ್ಲ, ರೆಕಾರ್ಡಿಗೆ ರೆಕಾರ್ಡ ಬದಲಿ. ಮತ್ತ ಅದಕ್ಕೊಂದ ಕಟ್ಟಳಿ ಮಾಡ್ಕೊಂಡಿದ್ರು. ರೆಕಾರ್ಡಿನ ನಟ್ಟನಡುವ ಹಾಡಿದವರ ಹೆಸರಿನ ಗುಂಡನ ಚೀಟಿ ಇರ್ತದಲ್ರಿ, ಅದರ ಮ್ಯಾಲೆ ಹಳೇ ಕ್ಯಾಲೆಂಡರಿನ ಹಾಳಿ ಕತ್ತರಿಸಿ ಮೈದಾ ಅಂಟಿನಿಂದ ಹಚ್ಚಿ ಮುಚ್ಚಿಬಿಡಾವರು. ಹೆಸರ ಗೊತ್ತಾದ್ರ ಎದುರಿನವ ಮೊಬೈಲ್‌ನ್ಯಾಗ ಹುಡುಕಿ, ಅದು ಎಂಥಾ ಅಪರೂಪದ್ದು ಅಂತ ತಿಳಕೊಂಡು, ಬ್ಯಾರೆ ಕಡೆಯಿಂದ ತರಸಿಬಿಡ್ತಾನ ಅಂತ ಭಯ. ಹಂಗಾಗಿ ಹಾಡ ಕೇಳಿಸಬೇಕು, ಹೆಸರ ಹೇಳಬಾರದು. ದನಿ ಮನಸಿಗೆ ಬಂದು, ರೆಕಾರ್ಡ ಕೈ ಬದಲಾದ ಮ್ಯಾಲೆ ಹೆಸರು. ಅದೂ ಕಿವ್ಯಾಗ, ಮೆಲ್ಲಕ.

"ಕನ್ಯಾ ನೋಡಾಕ ಬಂದವರು ಸೈತ ಇಷ್ಟ ನಾಟಕ ಮಾಡೂದಿಲ್ರಪ್ಪಾ" ಅಂತ ಚಾ ಕೊಟ್ಟು ಬೈತಿದ್ನಿ.

"ವೈನಿ, ಕನ್ಯಾಕ್ಕ ಮುಖ ನೋಡ್ತಾರ, ಇದಕ್ಕ ದನಿ ನೋಡ್ಬೇಕ್ರಿ" ಅನ್ನಾವರು ಸಮದಣ್ಣ.

ಯಾವ ಹಾಳಿ ಕೆಳಗ ಯಾರ ಹೆಸರು ಐತಿ ಅನ್ನೂದು ಇವರ ತಲ್ಯಾಗ ಬಿಟ್ರ ಎಲ್ಲೂ ಇಲ್ಲ. ಒಂದರ ಮ್ಯಾಲೆ ಅಮಾಸಿ, ಒಂದರ ಮ್ಯಾಲೆ ಸಂಕಷ್ಟಿ, ಒಂದರ ಮ್ಯಾಲೆ ಅರ್ಧಾ ಗುಲಾಬಿ ಹೂವು. ಅದನ್ನ ನೋಡೇ ಗುರ್ತ ಹಿಡೀತಿದ್ರು.

ಹೋದ ಚಳಿಗಾಲದಾಗ ಲಕ್ವಾ ಹೊಡೀತು. ಬಲಗೈ ಹೋತು, ಮಾತ ಹೋತು. ದವಾಖಾನ್ಯಾಗ ಡಾಕ್ಟರ್ ಹೇಳಿದ್ರು, "ಇವರಿಗೆ ಎಲ್ಲಾ ತಿಳೀತದ, ಬಾಯಿಗೆ ಬರೂದಿಲ್ಲ ಅಷ್ಟ. ಮತ್ತೊಂದ ಸಲ ಬರಬಾರದು, ಹುಷಾರ. ಮನಸಿಗೆ ಖುಷಿ ಇರೂಹಂಗ ನೋಡ್ಕೋರಿ." ಖುಷಿ ಎಲ್ಲಿಂದ ತರ್ಲಿ ನಾ? ಇಡೀ ಬಸ್ಸು ನಗಸಿಕೋತ ಟಿಕೀಟ ಹರೀತಿದ್ದ ಮನಷ್ಯಾ, ಹಾಸಿಗಿ ಮ್ಯಾಲೆ ಮಲಗಿ ಜಂತಿ ನೋಡಾಕತ್ರು. ಒಂದ ಅರ್ಧಾ ರೊಟ್ಟಿ ಹಾಲಿನ್ಯಾಗ ಕಿವಚಿ ತಿನಿಸಿದ್ರ ಅದೂ ಅರ್ಧಾ ಹೊರಗ.

ಒಂದಿನ ಎಡಗೈ ಎತ್ತಿ ಕಪಾಟ ತೋರಿಸಿದ್ರು. ಬೆರಳ ಗುಂಡಗ ತಿರುವಿದ್ರು. ರೆಕಾರ್ಡ ಬೇಕು ಅಂತ. ಕೈಗೆ ಸಿಕ್ಕದ್ದ ತಂದು ತೋರಿಸಿದ್ರ ತಲಿ ಅಲ್ಲಾಡಿಸಿದ್ರು. ಇನ್ನೊಂದ ತಂದ್ನಿ, ಅದೂ ಅಲ್ಲ. ಒಂದ ಬೆರಳ ಎತ್ತಿ ತೋರಿಸಿದ್ರು. ಒಂದs ಒಂದು ಬೇಕು, ಮತ್ಯಾವ್ದೂ ಬ್ಯಾಡ. ಆ ಎರಡರ ಮ್ಯಾಲೆ ದೊಡ್ಡ ಚಿತ್ರ ಇತ್ತಂತ ಗುರ್ತ ಹಿಡದ್ರು, ಉಳದವುಗಳ ಸಣ್ಣ ಅಕ್ಷರ ಕಣ್ಣ ಮುಂದ ಹಿಡದ್ರೂ ಕಾಣತಿರಲಿಲ್ಲ, ಲಕ್ವಾಕ್ಕ ಕಣ್ಣೂ ಕೆಟ್ಟಿತ್ತು. ಆ ಒಂದ ಹಾಡ ಕೇಳದs ಇವರು ಹೋಗಿಬಿಟ್ರ ಏನ್ ಗತಿ? ಏನೂ ಬೇಡಿದವರಲ್ಲ ಈ ಮನಷ್ಯಾ, ಈಗ ಬೇಡ್ಯಾರ, ಅದನ್ನೂ ನಾ ಕೊಡದಂಗ ಆದ್ರ?

ತಿಕೋಟಾಕ್ಕ ಫೋನ ಮಾಡಿ ಸಮದಣ್ಣನ್ನ ಕರಸಿದ್ನಿ. ಅವರು ಕಪಾಟ ತಗದು ನೋಡಿ ಕೈ ಚೆಲ್ಲಿದ್ರು.

"ವೈನಿ, ಈ ಶಾಣ್ಯಾ ನನಗ ಏನ್ ತೋರಿಸ್ಯಾನ, ಅದೆಲ್ಲಾ ಬದಲಿ ಆಗಿ ನನ್ನ ಮನ್ಯಾಗ ಐತಿ. ತೋರಿಸಲಾರದ್ದು ಇಲ್ಲಿ ಉಳದೈತಿ. ನಾ ಹ್ಯಾಂಗ ಹೇಳ್ಲಿ?"

ಆಗ ನನ್ನ ತಲಿ ಓಡಿತು. ಓಡಬಾರದಿತ್ತು. ಅಂಟಿಸಿದ ಹಾಳಿ ತಗದ್ರ ಕೆಳಗ ಹೆಸರ ಐತೆಲ್ಲಾ! ಮಗಳು ವಿಶಾಖಾ ಬಬಲೇಶ್ವರದಾಗ ಸಾಲಿ ಟೀಚರ್, ರವಿವಾರ ಬರ್ತಾಳ, ಒಂದೊಂದ ಹೆಸರ ಓದ್ಲಿ, ಇವರು ಹೌದು ಇಲ್ಲ ಅನ್ಲಿ. ಭಾಳ ಶಾಣ್ಯಾಕಿ ಆಗಿ ಒಂದ ಬಕೀಟ ಬಿಸಿನೀರು ಕಾಸಿ, ಉಪ್ಪಿನಕಾಯಿ ಬಾಟ್ಲಿ ತೊಳದಂಗ ಒಂದ ಕಟ್ಟು ರೆಕಾರ್ಡ ನೆನಿ ಹಾಕಿದ್ನಿ. ಕ್ಯಾಲೆಂಡರ್ ಹಾಳಿ ಬಂತು. ಅದರ ಜೋಡಿ ಕೆಳಗಿನ ಚೀಟೀನೂ ಬಂತು, ಹೆಸರ ಸಮೇತ, ನೀರಾಗ ಕರಗಿದ ಅಂಬಲಿ ಆಗಿ. ಕೈಯಾಗ ಉಳದದ್ದು ಬರೇ ಕರಿ ತಟ್ಟಿ. ಆಮ್ಯಾಲೆ ಅವನ್ನ ಒಣಗ್ಲಿ ಅಂತ ಮಾಳಿಗಿ ಬಿಸಲಾಗ ಇಟ್ನಿ. ನಮ್ಮೂರ ಬಿಸಲಂದ್ರ ಗೊತ್ತಲ್ಲ ನಿಮಗ. ಎರಡು ಹಪ್ಪಳ ಆಗಿ ಸೊಟ್ಟಾದ್ವು.

ಮರುದಿನ ಮತ್ತ ಬಂದ ಸಮದಣ್ಣ ತಲಿ ಹಿಡ್ಕೊಂಡು ಕುಂತ್ರು. "ಯಾ ಅಲ್ಲಾ! ವೈನಿ, ಇಂಥವು ಇಡೀ ಕರ್ನಾಟಕದಾಗ ಎಷ್ಟ ಸಿಗ್ತಾವ ಅಂತ ತಿಳದೀರಿ?"

ನಾ ಅಳಕೋತ ಆ ಹಪ್ಪಳ ತಗೊಂಡ ಹೋಗಿ ಇವರ ಮುಂದ ಹಿಡದ್ನಿ. ತಪ್ಪಾತ್ರಿ, ಬಡೀರಿ ನನ್ನ ಅಂದ್ನಿ. ಅವರು ಅದನ್ನ ನೋಡಿದ್ರು, ನನ್ನ ನೋಡಿದ್ರು, ಬಾಯಿ ಒಂದ ಬಾಜುಕ್ಕ ಸೊಟ್ಟ ಆಗಿ ಖೊಕ್ ಖೊಕ್ ಅಂತ ಸಪ್ಪಳ ಬಂತು. ನಾ ಹೆದರಿಬಿಟ್ನಿ. ಸಮದಣ್ಣ ಅಂದ್ರು, "ವೈನಿ, ಹೆದರಬ್ಯಾಡ್ರಿ, ನಗಾಕತ್ತಾನ!" ಲಕ್ವಾ ಹೊಡದ ಮ್ಯಾಲೆ ಅವತ್ತs ಮೊದಲು ನಕ್ಕದ್ದು.

ಇನ್ನ ಉಳದದ್ದು ಒಂದs ದಾರಿ. ಒಂದೊಂದ ಹಚ್ಚಿ ಕೇಳಿಸೂದು. ಸೂಜಿ ಹ್ಯಾಂಗ ಇಳಿಸಬೇಕು, ತಟ್ಟಿ ಹ್ಯಾಂಗ ಅಂಚ ಹಿಡಿಬೇಕು, ಎಲ್ಲಾ ಸಮದಣ್ಣ ಹೇಳಿ ಕೊಟ್ರು. "ರೊಟ್ಟಿ ಹಿಡಿದಂಗ ಹಿಡಿಬ್ಯಾಡ್ರಿ ಯವ್ವಾ" ಅಂತ ನಾಕ ಸಲ ಅಂದ್ರು. ಆ ರವಿವಾರ ವಿಶಾಖಾ ಬಂದಾಗ ಅಪ್ಪನ ಮುಂದೆ ಕುಂತು ಹೇಳಿದ್ಲು, "ಅವ್ವಾ, ಆ ಒಂದ ಹಾಡ ಸಿಗಲಿ ನೋಡು. ಸಿಕ್ಕ ಕೂಡ್ಲೇ ಮೊಬೈಲ್‌ನ್ಯಾಗ ತುಂಬಿ ಅಪ್ಪನ ತಲಿಗಿಂಬಿನ ಬಾಜು ಇಟ್ಟಬಿಡ್ತೀನಿ. ಬೇಕಾದಾಗ ಕೇಳ್ತಾನ. ನಿನಗೂ ಹಿಂಗ ಕಟ್ಟಿಹಾಕಿದಂಗ ಕುಂಡ್ರೂದು ತಪ್ಪತದ."

"ಹಂಗ ಆಗ್ಲೆವಾ, ನನಗರ ಎಲ್ಲಿ ಪುರುಸೊತ್ತ ಐತಿ" ಅಂದ್ನಿ. ನಾ ಅಂದದ್ದು ಅಷ್ಟ.

ಮಧ್ಯಾಹ್ನ ಊಟ ಆದ ಮ್ಯಾಲೆ ನಮ್ಮ ಕಚೇರಿ ಸುರು ಆಗೂದು. ನಾ ಹಚ್ಚೂದು, ಅವರು ಕಣ್ಣ ಮುಚ್ಚಿ ಕೇಳೂದು, ಮುಗದ ಕೂಡ್ಲೇ ತಲಿ ಅಲ್ಲಾಡಿಸೂದು. "ಇದೂ ಅಲ್ಲೇನ್ರಿ? ಹಂಗಾದ್ರ ಕಪಾಟ ತುಂಬ ಏನ್ ಕಸ ತುಂಬಿ ಇಟ್ಟೀರಿ?" ಅಂತ ಒದರಾಡ್ತಿದ್ನಿ. ಮೊದಮೊದಲು ಕೈಯಾಗ ಅವರಿಕಾಯಿ ಸುಲಕೋತ ಕೂಡತಿದ್ನಿ. ಬರ್ತಾ ಬರ್ತಾ ಕಾಯಿ ಹಂಗs ಉಡ್ಯಾಗ ಉಳೀತಿದ್ವು. ಆ ಹಾಡಾವರಿಗೆ ನಾನs ಹೆಸರ ಇಡಾಕ ಸುರು ಮಾಡಿದ್ನಿ. ಒಬ್ಬಾವ ಅಳುಬುರಕ, ಹೆಂಡತಿ ಬಿಟ್ಟ ಹೋದವನಂಗ ಬಿಕ್ಕಿ ಬಿಕ್ಕಿ ಹಾಡಾವ. ಒಬ್ಬಾವ ಸರ್ಕಾರ, ಎದಿ ಉಬ್ಬಿಸಿ ಹಾಡಾವ. ಒಬ್ಬಾಕಿ ದೊಡ್ಡವ್ವ. ಆಕಿ ಮೊದಲ ಸಣ್ಣ ದನ್ಯಾಗ, ಕೂಸಿನ ಜೋಡಿ ಮಾತಾಡಿದಂಗ ಸುರು ಮಾಡ್ತಾಳ, ಆಮ್ಯಾಲೆ ಏರಿ ಏರಿ ಹೋಗಿ ಗಂಟಲ ಒಡೀತದ. ನನ್ನ ಅವ್ವ ಸತ್ತಾಗ ನಮ್ಮ ದೊಡ್ಡವ್ವ ಹಂಗs ಅತ್ತಿದ್ಲು. ಅದನ್ನ ನಾ ಇವರಿಗೆ ಹೇಳಿದ್ನಿ. ಆಕಿ ಹಾಡ ಹಚ್ಚಿದ್ದು ಮೊದಲ ವಾರದಾಗ. ಇದಾ ಏನ್ರಿ ಅಂತ ಕೇಳಿದ್ರ ಅಲ್ಲ ಅಂದಿದ್ರು.

ಖರೆ ಹೇಳ್ತೀನಿ, ಹಾಡಿನ ನಡುವ ನಾ ಏನೇನೋ ಮಾತಾಡ್ತಿದ್ನಿ. ಓಣಿ ಸುದ್ದಿ, ಅತ್ತಿ ನನ್ನ ಬೈದದ್ದು, ವಿಶಾಖಾ ಹುಟ್ಟಿದಾಗ ಇವರು ಡ್ಯೂಟಿ ಮ್ಯಾಲಿಂದ ಯೂನಿಫಾರ್ಮಿನ್ಯಾಗ ಓಡಿ ಬಂದದ್ದು. ಅವರು ಎಡಗೈ ಬೆರಳಿಂದ ನನ್ನ ಮಣಕಟ್ಟ ತಟ್ಟಾವರು. ಊಟಾನೂ ಒಂಚೂರ ಹೆಚ್ಚಿಗಿ ಮಾಡಾಕತ್ರು. ಆದ್ರ ಹಾಡ ಸಿಗಲಿಲ್ಲ. ಮೂರನೇ ಕಪಾಟಿಗೆ ಬಂದ್ವಿ. ಉಳದವು ಕಡಿಮಿ ಆದಂಗ ನನ್ನ ಹೆದರಿಕಿ ಹೆಚ್ಚಾತು. ಆ ಸೊಟ್ಟ ಮಾಡಿದ ಎರಡರಾಗ ಒಂದ ಆಗಿದ್ರ? ನನ್ನ ಕೈಲೆ ನಾನs ಹಾಳ ಮಾಡಿದ್ರ? ಯಾರ ಮುಂದೂ ಹೇಳಲಿಲ್ಲ, ಎದ್ಯಾಗ ಇಟಗೊಂಡು ಸುಟಗೊಂಡ್ನಿ.

ಮೊನ್ನೆ ಶನಿವಾರ ಯಾಕೋ ಭಾಳ ಬ್ಯಾಸರಾಗಿತ್ತು. ಹೊಸಾದ ಹಚ್ಚಾಕ ಧೈರ್ಯ ಬರಲಿಲ್ಲ. "ಇವತ್ತ ನಿಮದ ಬ್ಯಾಡ, ನನಗ ಬೇಕಾದ್ದ ಹಚ್ಚತೀನಿ" ಅಂತ ದೊಡ್ಡವ್ವನ್ನ ಹಚ್ಚಿ, ಚಾ ಇಡಾಕ ಅಡಗಿಮನಿಗೆ ಹೋದ್ನಿ. ಸಕ್ಕರಿ ಹಾಕೂ ಹೊತ್ತಿನ್ಯಾಗ ದೊಡ್ಡವ್ವನ ದನಿ ಕೆಳಗ ಇನ್ನೊಂದ ದನಿ ಕೇಳಿಸ್ತು. ಗೊಗ್ಗರ, ಗಂಡಸಿನ ದನಿ. ಇದರಾಗ ಗಂಡಸ ಇದ್ದಿಲ್ಲಲ್ಲ ಅಂತ ಬಾಗಿಲ ಸಂದ್ಯಾಗಿಂದ ಹಣಿಕಿ ಹಾಕಿದ್ನಿ.

ಇವರು ಹಾಡಾಕತ್ತಿದ್ರು.

ಇಂಗ್ಲಿಷ್ ಮಾತು, ನನಗೇನ್ ತಿಳೀತದ, ಆದ್ರ ಬರೇ ಸಪ್ಪಳ ಅಲ್ಲ, ಖರೇನ ಮಾತು. ಯಾವ ಬಾಯಿಗೆ ನೀರ ಅನ್ನಾಕ ಬರತಿರಲಿಲ್ಲ, ಆ ಬಾಯಿ ಆಕಿ ಹಿಂದಿಂದ ಒಂದೊಂದ ಮಾತ ಎತ್ತತಿತ್ತು; ಮಾತ ಹೋದ್ರೂ ಹಾಡ ಉಳದಿತ್ತು. ಎಡಗೈ ಮಂಚದ ಮ್ಯಾಲೆ ತಾಳ ಹಾಕ್ತಿತ್ತು. ಎಲ್ಲಿ ಏರಬೇಕು, ಎಲ್ಲಿ ನಿಂದ್ರಬೇಕು, ಎಲ್ಲಾ ಗೊತ್ತು. ಸಾವಿರ ಸಲ ಕೇಳಿದವರಿಗೆ ಅಷ್ಟ ಬರೂದು ಅದು. ಕಣ್ಣಾಗಿಂದ ನೀರ ಕಿವೀತನಕ ಇಳದಿತ್ತು.

ಇದs ಅದು. ಮೊದಲ ವಾರದಾಗs ಸಿಕ್ಕಿತ್ತು.

ಒಮ್ಮೆಲೆ ಸಿಟ್ಟ ನೆತ್ತಿಗೇರಿತು. ಯಪ್ಪಾ, ಎಷ್ಟ ಸುಳ್ಳಾ! ನಾ ಇಲ್ಲಿ ಹೆದರಿ ಸಾಯಾಕತ್ತೇನಿ, ಇವರು ಆಟಾ ಆಡಾಕತ್ತಾರ. ಒಳಗ ಹೋಗಿ ನಾಕ ಅನ್ನಬೇಕಂತ ಕಾಲ ಎತ್ತಿದ್ನಿ. ಎತ್ತಿದ ಕಾಲು ಅಲ್ಲೇ ನಿಂತಿತು. ಹಾಡ ಸಿಕ್ಕಿತಂದ್ರ ಮೊಬೈಲ್ ತಲಿಗಿಂಬಿನ ಬಾಜು ಬರ್ತದ, ನಾ ಎದ್ದ ಹೋಗ್ತೀನಿ. ಅವತ್ತ ವಿಶಾಖಾ ಅಂದದ್ದು, ನಾ ಹಂಗ ಆಗ್ಲಿ ಅಂದದ್ದು, ಎರಡೂ ಕೇಳ್ಕೊಂಡ ಮಲಗಿದ್ರು ಈ ಮನಷ್ಯಾ. ಅದಕ್ಕs ಇಷ್ಟ ದಿನ ತಲಿ ಅಲ್ಲಾಡಿಸ್ಯಾರ. ಹಾಡಿಗಿಂತ ನಾ ಬಾಜೂಕ ಕುಂತದ್ದು ಬೇಕಾಗಿತ್ತು ಅವರಿಗೆ. ಇಂಥಾ ಪ್ರೀತಿ ಈ ವಯಸ್ಸಿನ್ಯಾಗ ನನಗ ಯಾರ ಕೊಟ್ಟಾರು? ಅಲ್ಲೇ ಬಾಗಿಲಕ್ಕ ಒರಗಿ ಸೆರಗ ಬಾಯಾಗ ತುರಕಿಕೊಂಡು ಅತ್ನಿ. ಚಾ ಉಕ್ಕಿ ಒಲಿ ತುಂಬ ಆತು.

ಹಾಡ ಮುಗೀತು. ನಾ ಬೇಕಂತ ಒಂದ ಪರಾತ ಕೆಡವಿ ಸಪ್ಪಳ ಮಾಡಿದ್ನಿ. ಕಣ್ಣ ಒರಸಿಕೊಳ್ಳಾಕ ಅವರಿಗೂ ಹೊತ್ತ ಬೇಕು, ನನಗೂ ಬೇಕಿತ್ತು. ಆಮ್ಯಾಲೆ ಚಾ ತಗೊಂಡು ಒಳಗ ಹೋದ್ನಿ.

"ಇದಂತೂ ಅಲ್ಲಲ್ರಿ?" ಅಂತ ಕೇಳಿದ್ನಿ.

ಅವರು ನನ್ನ ಮುಖ ನೋಡಿದ್ರು. ತಲಿ ಅಲ್ಲಾಡಿಸಿದ್ರು. ಅಲ್ಲ.

"ನನಗೂ ಹಂಗs ಅನಸ್ತು" ಅಂದ್ನಿ.

ಅಷ್ಟರಾಗ ವಿಶಾಖಾನ ಫೋನ ಬಂತು. ಸಿಕ್ತೇನವಾ ಅಂತ ಕೇಳಿದ್ಲು. ನಾ ಮಂಚದ ಹತ್ತಿರ ಬಂದು, ಅವರಿಗೆ ಛಂದಂಗ ಕೇಳೂಹಂಗ ದೊಡ್ಡ ದನ್ಯಾಗ ಹೇಳಿದ್ನಿ.

"ಎಲ್ಲಿ ಸಿಗ್ತದವಾ! ಇನ್ನ ಅರ್ಧಾ ಕಪಾಟ ಉಳದೈತಿ. ಅದರಾಗ ಸಿಗಲಿಲ್ಲಂದ್ರ ಮತ್ತ ಮೊದಲಿಂದ ಸುರು ಮಾಡ್ಬೇಕು. ನೀ ಮೊಬೈಲ್ ಗಿಬೈಲ್ ತರಾಕ ಹೋಗಬ್ಯಾಡ. ನಾ ಅದೀನಿ, ನಾನs ಹಚ್ಚತೀನಿ."

ಫೋನ ಇಟ್ಟು ಅವರ ಬಾಜೂಕ ಕೂತ್ನಿ. ಎಡಗೈ ಬಂದು ನನ್ನ ಕೈ ಹಿಡೀತು, ಗಟ್ಟೆಂಗ. ನಾನೂ ಹಿಡದ್ನಿ. ಹಿಂಗಾಗಿ ಮುಂದಿನ ರೆಕಾರ್ಡ ಹಚ್ಚಾಕ ಭಾಳ ಹೊತ್ತ ಆತು.