ಕೊನೆಯವರು ಯಾರು?

ನೀಸ್ತ್ರು ನದಿಯ ದಡದ ಪುಟ್ಟ ಪಟ್ಟಣದ ಉಳಿತಾಯ ಬ್ಯಾಂಕಿನಲ್ಲಿ ಪ್ರೊಫೀರ ಮೂವತ್ತೇಳು ವರ್ಷ ಒಂದೇ ಕಿಟಕಿಯ ಹಿಂದೆ ಕುಳಿತಿದ್ದಳು. ಅವಳ ಕಣ್ಣೆದುರೇ ರೂಬಲ್ ಹೋಯಿತು, ಕೂಪನ್ ಬಂದು ಹೋಯಿತು, ಈಗ ಲೆಯು ಎಂಬ ಹಣ ನಡೆಯುತ್ತಿತ್ತು. ಕಾರಿಗೆಂದು ಊರು ಅಲ್ಲಿ ಕೂಡಿಟ್ಟ ರೂಬಲ್ಲುಗಳು ದೇಶ ಒಡೆದ ಮೇಲೆ ಒಂದು ಜೊತೆ ರಬ್ಬರ್ ಬೂಟಿಗೂ ಸಾಲದಾದವು. ಅಂದಿನಿಂದ ಜನ ಬ್ಯಾಂಕಿನತ್ತ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ದಿನಕ್ಕೆ ಹತ್ತು ಗಿರಾಕಿಗಳಿಲ್ಲದ ಶಾಖೆಗೆ ಬೀಗ ಎಂಬುದು ರಾಜಧಾನಿಯ ಆಜ್ಞೆ. ತಲೆ ಎಣಿಸಲು ಇನ್‌ಸ್ಪೆಕ್ಟರ್ ಆ ಮಂಗಳವಾರ ಬರುವವನಿದ್ದ. ಸೋಮವಾರ ಬಂದವರು ಇಬ್ಬರು. ಅವರಲ್ಲೊಬ್ಬ ದಾರಿ ಕೇಳಲು ಬಂದವನು.

ಮಂಗಳವಾರ ಬೆಳಿಗ್ಗೆ ನೆರೆಯ ಅಂಗೆಲೀನ, ವಸಿಲೂತ್ಸ ಇಬ್ಬರೂ ಬ್ಯಾಂಕಿನ ಬಾಗಿಲಲ್ಲಿ ನಿಂತು ಸೊಸೆಯರನ್ನು ಬೈಯತೊಡಗಿದರು. ಚೀಲ ಹಿಡಿದು ಹೋಗುತ್ತಿದ್ದ ಮುದುಕನೊಬ್ಬ ತಡೆದು ನಿಂತ.

"ಕೊನೇವ್ರು ಯಾರು?"

"ನಾನೇ ಅಂತಿಟ್ಕೊ," ಎಂದಳು ಅಂಗೆಲೀನ, ಮಾತು ತುಂಡಾದ ಸಿಟ್ಟಿನಲ್ಲಿ.

ಅಷ್ಟೇ ಸಾಕಾಯಿತು. ಮೂವರು ನಿಂತರೆ ಸಾಲು. ಸಾಲಿದ್ದಲ್ಲಿ ಏನೋ ಸಿಗುತ್ತದೆ. ಏನೆಂದು ಆಮೇಲೆ ಕೇಳಿದರಾಯಿತು. ಅರ್ಧ ಗಂಟೆಯಲ್ಲಿ ಸಾಲು ಔಷಧದಂಗಡಿಯ ಮೂಲೆ ತಿರುಗಿತು. ನಿವೃತ್ತ ಶಿಕ್ಷಕಿಯೊಬ್ಬಳು ಶಾಯಿಪೆನ್ಸಿಲನ್ನು ನಾಲಿಗೆಗೆ ತಾಗಿಸಿಕೊಳ್ಳುತ್ತ ಎಲ್ಲರ ಅಂಗೈಗೂ ಸಂಖ್ಯೆ ಬರೆದಳು.

ಹಿಂದಿನವರ ನೂಕಿಗೆ ವಸಿಲೂತ್ಸ ಕಿಟಕಿಗೆ ಬಂದು ಬಿದ್ದಳು.

"ಏನ್ ಕೊಡ್ತಿದೀಯೆ, ಪ್ರೊಫೀರ?"

ಪ್ರೊಫೀರ ಸಾಲನ್ನು ನೋಡಿದಳು. "ಪಾಸ್‌ಬುಕ್ಕು. ಒಂದು ಲೆಯು ಕಟ್ಬೇಕು."

"ತಲೆಗೆಷ್ಟು?"

"ಒಂದು."

"ಒಂದೇನಾ! ನಮ್ಮನೆಯೋರಿಗೆ ಕಾಲು ನೋವು ಕಣೆ, ಅವರ್ದೂ ಕೊಡೆ!"

"ಎರಡೆರಡು ಕೊಟ್ರೆ ನಮಗೇನ್ ಉಳಿಯುತ್ತೆ?" ಎಂದು ಸಾಲು ಕೂಗಿತು.

"ನನ್ನ ಕಾರು ನುಂಗಿದ್ದು ಇದೇ ಬ್ಯಾಂಕು," ಎಂದು ಮುದುಕ ಗೊಣಗಿದ.

"ಹಾಗಾದ್ರೆ ಸಾಲು ಬಿಡಿ, ಅಜ್ಜ," ಎಂದರು ಹಿಂದಿನವರು.

"ಯಾಕ್ ಬಿಡ್ಲಿ? ನಲವತ್ತು ನಿಮಿಷ ನಿಂತಿದೀನಿ!"

ಹನ್ನೊಂದಕ್ಕೆ ಇನ್‌ಸ್ಪೆಕ್ಟರ್ ಬಂದ. ನೇರ ಒಳನುಗ್ಗಿದವನ ಕೋಟನ್ನು ಶಿಕ್ಷಕಿ ಹಿಡಿದೆಳೆದಳು.

"ಎಲ್ಲಿಗೆ, ಸ್ವಾಮಿ? ಕೈ ಕೊಡಿ."

"ನಾನು ರಾಜಧಾನಿಯಿಂದ..."

"ಎಲ್ರೂ ಎಲ್ಲಿಂದಲೋ ಬಂದೋರೇ. ಅರವತ್ನಾಲ್ಕು. ನಿಲ್ಲಿ."

ನಿಂತ. ಮೊದಲು ಗಡಿಯಾರ ನೋಡಿದ. ಬಳಿಕ ಮುಂದಿನವರ ತಲೆ ಎಣಿಸಿದ. ಕೊನೆಗೆ, ನುಸುಳಲು ಬಂದವನೊಬ್ಬನನ್ನು ಮೊಣಕೈಯಿಂದ ತಿವಿದ. ಎರಡು ಗಂಟೆಯ ನಂತರ ಕಿಟಕಿ ತಲುಪಿದಾಗ ಬಂದ ಕೆಲಸವೇ ಅವನಿಗೆ ಮರೆತುಹೋಗಿತ್ತು.

"ಇನ್ನೂ ಇದೆಯೇನಮ್ಮ?"

"ಖಾಲಿಯಾಯ್ತು, ಸಾಹೇಬ್ರೆ. ಅರವತ್ಮೂರೇ ಇದ್ದಿದ್ದು."

ಅವನ ಮುಖ ಸುಟ್ಟ ಬದನೆಕಾಯಿಯಾಯಿತು. ಕಿಟಕಿಯೊಳಗೆ ಕೈ ತೂರಿಸಿ ಟೆಲಿಫೋನನ್ನೇ ಹೊರಗೆಳೆದು ರಾಜಧಾನಿಗೆ ಅರಚಿದ: "ಮುನ್ನೂರು ಪಾಸ್‌ಬುಕ್ ಕಳಿಸಿ, ಇವತ್ತೇ! ಏನು, ಮುಚ್ಚೋದಾ? ಯಾರ್ರೀ ಮುಚ್ಚೋರು? ಇಲ್ಲಿ ನನ್ನ ಸರದಿ ಇದೆ!"

ಪ್ರೊಫೀರ ಬಿದ್ದ ಪೆನ್ನು ಹುಡುಕುವ ನೆಪದಲ್ಲಿ ಮೇಜಿನಡಿ ಬಗ್ಗಿ, ಹೊಟ್ಟೆ ಹಿಡಿದು ನಕ್ಕಳು.